ಇಂಗ್ಲೆಂಡಿನ ‘ಬೆಚ್ಚಗಿನ ಬಿಯರ್’: ಮೂರೇ ದಿನ ಬದುಕೋ ರಿಯಲ್ ಏಲ್ ಕಥೆ

ಇವತ್ತಿನ ವಿಷಯ ಬಿಯರ್. ಕುಡಿಯದವರು ಸ್ಕಿಪ್ ಮಾಡಬೇಡಿ, ನಿಮಗೂ ಇದರಲ್ಲಿ ಕಥೆ ಇದೆ. ಇಂಗ್ಲೆಂಡಿಗೆ ಓದೋಕೋ ಕೆಲಸಕ್ಕೋ ಹೋದ ನಮ್ಮ ಹುಡುಗ ಹುಡುಗಿಯರು ಫೋನ್ ಮಾಡಿ ಹೇಳೋ ಒಂದು ದೂರು ಇದೆಯಲ್ಲ, “ಇಲ್ಲಿನ ಬಿಯರ್ ಬೆಚ್ಚಗಿರುತ್ತೆ ಮಾರಾಯ, ಗ್ಯಾಸೇ ಇಲ್ಲ, ಕೆಟ್ಟುಹೋಗಿದೆಯೇನೋ” ಅಂತ? ಅವರು ಹೇಳ್ತಿರೋ ಆ ಬಿಯರಿನ ಹೆಸರು ರಿಯಲ್ ಏಲ್. ಅದು ಕೆಟ್ಟಿರೋದಿಲ್ಲ, ಇನ್ನೂ ಜೀವ ಹಿಡಿದುಕೊಂಡಿರುತ್ತೆ. ಅದರ ರುಚಿಗೂ ಅದೇ ಕಾರಣ, ಈಗ ಅದಕ್ಕೆ ಬಂದಿರೋ ಕಷ್ಟಕ್ಕೂ ಅದೇ ಕಾರಣ.

ಬಿಯರ್ ಮಾಡೋದು ಹೇಗೆ ಅಂತ ಬೇಗ ಹೇಳಿಬಿಡ್ತೀನಿ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ಬಿಸಿನೀರಲ್ಲಿ ಹಾಕಿ ಸಿಹಿ ರಸ ತೆಗೀತಾರೆ. ಕಹಿಗೆ, ಘಮಕ್ಕೆ ಹಾಪ್ಸ್ ಅನ್ನೋ ಬಳ್ಳಿಯ ಹೂವು ಹಾಕಿ ಕುದಿಸ್ತಾರೆ. ಆರಿದ ಮೇಲೆ ಯೀಸ್ಟ್ ಬೆರೆಸ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತೆ. ನಾವು ಇಲ್ಲಿ ಸಾಮಾನ್ಯವಾಗಿ ನೋಡೋ ಲಾಗರ್ ಬಿಯರಿನಲ್ಲಿ ಯೀಸ್ಟು ತಂಪಲ್ಲಿ ನಿಧಾನವಾಗಿ ಕೆಲಸ ಮಾಡುತ್ತೆ. ಏಲ್‌ನಲ್ಲಿ ಸ್ವಲ್ಪ ಹೆಚ್ಚಿನ ಶಾಖದಲ್ಲಿ, ಬೇಗ.

ನಿಜವಾದ ವ್ಯತ್ಯಾಸ ಬರೋದು ಆಮೇಲೆ. ಬಹುತೇಕ ಬಿಯರನ್ನು ಫ್ಯಾಕ್ಟರಿಯಲ್ಲೇ ಸೋಸಿ, ಎಷ್ಟೋ ಸಂದರ್ಭಗಳಲ್ಲಿ ಬಿಸಿ ಮಾಡಿ ಯೀಸ್ಟನ್ನು ಕೊಂದು, ಗ್ಯಾಸ್ ತುಂಬಿ ಸೀಲ್ ಮಾಡ್ತಾರೆ. ಆ ಪೀಪಾಯಿಗೆ ಕೆಗ್ ಅಂತಾರೆ. ರಿಯಲ್ ಏಲ್‌ನಲ್ಲಿ ಹಾಗಲ್ಲ. ಬದುಕಿರೋ ಯೀಸ್ಟ್ ಸಮೇತ ಬಿಯರನ್ನು ಕಾಸ್ಕ್ ಅನ್ನೋ ಪೀಪಾಯಿಗೆ ತುಂಬಿ ಪಬ್ಬಿಗೆ ಕಳಿಸಿಬಿಡ್ತಾರೆ. ಅದರೊಳಗೆ ಇನ್ನೊಂದು ಸುತ್ತು ಹುದುಗು ಬರುತ್ತೆ. ಹೊರಗಿಂದ ಗ್ಯಾಸ್ ಸೇರಿಸೋ ಹಾಗಿಲ್ಲ. ತನ್ನಷ್ಟಕ್ಕೆ ಹುಟ್ಟಿದ ಗ್ಯಾಸ್ ಎಷ್ಟಿದೆಯೋ ಅಷ್ಟೇ. ಬಾಟಲಿ ಬಿಯರ್ ತರ ನಾಲಿಗೆ ಚುರುಗುಟ್ಟಿಸಲ್ಲ, ಮೆತ್ತಗೆ ಇಳಿಯುತ್ತೆ.

ಅಂದ್ರೆ ಬಿಯರಿನ ಕೊನೆ ಹಂತದ ಕೆಲಸ ಆಗೋದು ಬ್ರೂವರಿಯಲ್ಲಲ್ಲ, ಪಬ್ಬಿನ ನೆಲಮಾಳಿಗೆಯಲ್ಲಿ. ಇದು ನನಗೆ ಬಹಳ ಇಷ್ಟವಾದ ಸಂಗತಿ. ಪಬ್ ನಡೆಸೋರು ಕಾಸ್ಕನ್ನು ಅಡ್ಡ ಮಲಗಿಸಿ, ಮೇಲಿನ ತೂತಿಗೆ ಒಂದು ಮೆದು ಮರದ ಬೆಣೆ ಹೊಡೀತಾರೆ. ಹೆಚ್ಚಾದ ಗ್ಯಾಸ್ ಆ ಮರದ ಮೂಲಕವೇ ಸೋರಿಹೋಗುತ್ತೆ. ಸಾಕು ಅನ್ನಿಸಿದಾಗ ಅದನ್ನು ತೆಗೆದು ಗಟ್ಟಿ ಬೆಣೆ ಹಾಕಿ ಮುಚ್ಚುತ್ತಾರೆ. ಬೇಗ ಮುಚ್ಚಿದರೆ ನೊರೆ ಉಕ್ಕುತ್ತೆ, ತಡ ಮಾಡಿದರೆ ಸಪ್ಪೆ. ಆಮೇಲೆ ಯೀಸ್ಟು ತಳಕ್ಕೆ ಇಳಿಯೋವರೆಗೆ ಅಲುಗಿಸದೆ ಬಿಡಬೇಕು. ನೆಲಮಾಳಿಗೆಯ ತಂಪು 11ರಿಂದ 13 ಡಿಗ್ರಿ ಇರಬೇಕು. ಫ್ರಿಜ್ಜಿನ ನೀರು ಕುಡಿದು ಅಭ್ಯಾಸ ಇದ್ದವರಿಗೆ ಮಡಕೆ ನೀರು ತಣ್ಣಗೆ ಅನ್ನಿಸಲ್ಲ ಅಲ್ವಾ? ಈ ‘ಬೆಚ್ಚಗಿನ’ ಬಿಯರೂ ಹಾಗೇ. ಜೊತೆಗೆ, ತೀರಾ ತಣ್ಣಗಾದರೆ ಮಾಲ್ಟಿನ ರುಚಿ ನಾಲಿಗೆಗೆ ಸಿಗೋದೇ ಇಲ್ಲ.

ಇಲ್ಲಿ ಸಸ್ಯಾಹಾರಿಗಳು ಕಿವಿ ಕೊಡಿ. ಯೀಸ್ಟು ಬೇಗ ತಳಕ್ಕಿಳಿದು ಬಿಯರ್ ತಿಳಿಯಾಗಲಿ ಅಂತ ಬಹಳಷ್ಟು ಕಾಸ್ಕ್‌ಗಳಿಗೆ ಐಸಿಂಗ್ಲಾಸ್ ಅನ್ನೋದನ್ನು ಹಾಕ್ತಾರೆ. ಅದನ್ನು ತಯಾರಿಸೋದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಯೀಸ್ಟಿನ ಜೊತೆ ಅದೂ ಹೆಚ್ಚುಕಡಿಮೆ ತಳ ಸೇರುತ್ತೆ, ಆದ್ರೂ ‘ಮೀನು ಮುಟ್ಟಲ್ಲ’ ಅನ್ನೋರಿಗೆ ಗೊತ್ತಿರಬೇಕಾದ ವಿಷಯ. ಈಗ ಅದನ್ನು ಹಾಕದ, ಕೊಂಚ ಮಸುಕಾಗಿ ಕಾಣೋ ಏಲ್‌ಗಳೂ ಸಿಗ್ತವೆ. ‘ಅನ್‌ಫೈನ್ಡ್’ ಅಥವಾ ‘ವೀಗನ್’ ಅಂತ ಪಂಪಿನ ಮೇಲೆ ಬರೆದಿರುತ್ತೆ. ಬರೆದಿಲ್ಲ ಅಂದ್ರೆ ಕೇಳಿ, ಯಾರೂ ತಪ್ಪು ತಿಳಿಯಲ್ಲ.

ಸರಿ, ಕಾಸ್ಕ್ ತಯಾರಾಯ್ತು, ಮೊದಲ ಗ್ಲಾಸ್ ಇಳಿಸಿದ್ರು. ಆ ಕ್ಷಣದಿಂದ ಗಡಿಯಾರ ಓಡೋಕೆ ಶುರು. ಹೊರಗೆ ಹೋದ ಬಿಯರಿನ ಜಾಗಕ್ಕೆ ಗಾಳಿ ಒಳಗೆ ಬರುತ್ತೆ, ಗಾಳಿಯಲ್ಲಿರೋ ಆಮ್ಲಜನಕ ರುಚಿ ಕೆಡಿಸುತ್ತೆ. ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಗೆ ಹುಳಿಯಾಗುತ್ತಲ್ಲ, ಇದು ಅಷ್ಟು ಅವಸರದ್ದಲ್ಲ, ಆದ್ರೆ ಸುಮಾರು ಮೂರು ದಿನದೊಳಗೆ ಖಾಲಿ ಮಾಡಬೇಕು. ಪಬ್ಬುಗಳಲ್ಲಿ ಹೆಚ್ಚಾಗಿ ಬಳಸೋ ಕಾಸ್ಕಿನ ಹೆಸರು ಫರ್ಕಿನ್. ಅದರಲ್ಲಿ 9 ಗ್ಯಾಲನ್, ಅಂದ್ರೆ 72 ಪಿಂಟ್ ಹಿಡಿಯುತ್ತೆ. ಒಂದು ಪಿಂಟ್ ಅಂದ್ರೆ 568 ಮಿಲಿಲೀಟರ್. ಲೆಕ್ಕ ಹಾಕಿ: ಒಂದು ಕಾಸ್ಕಿಗೆ ದಿನಕ್ಕೆ ಸುಮಾರು 24 ಪಿಂಟ್ ಮಾರಾಟ ಆಗಲೇಬೇಕು. ಪಬ್ಬಲ್ಲಿ ಆರು ಬಗೆ ಏಲ್ ಇಟ್ಟಿದ್ದರೆ ದಿನಕ್ಕೆ 144. ಮಂಗಳವಾರ ಮಧ್ಯಾಹ್ನ ಮೂರು ಜನ ಕೂತಿರೋ ಹಳ್ಳಿ ಪಬ್ಬಲ್ಲಿ ಇದು ಸಾಧ್ಯವಾ? ಹಾಗಾಗಿ ನನ್ನ ಸಲಹೆ, ಹತ್ತು ಹಿಡಿಕೆ ಇರೋ ಖಾಲಿ ಪಬ್ಬಿಗಿಂತ ಎರಡೇ ಹಿಡಿಕೆ ಇರೋ, ಜನ ತುಂಬಿರೋ ಪಬ್ಬು ವಾಸಿ.

ಈ ರಗಳೆ ಎಲ್ಲ ಬೇಡ ಅಂತಲೇ 1960ರ ದಶಕದಲ್ಲಿ ಅಲ್ಲಿನ ದೊಡ್ಡ ಬ್ರೂವರಿಗಳು ಕೆಗ್ ಕಡೆ ತಿರುಗಿದ್ದು. ವಾಟ್ನೀಸ್ ಕಂಪನಿಯ ರೆಡ್ ಬ್ಯಾರೆಲ್ ಆ ಕಾಲದ ಹೆಸರುವಾಸಿ ಉದಾಹರಣೆ. ಕೆಡಲ್ಲ, ನೆಲಮಾಳಿಗೆಯಲ್ಲಿ ಕೌಶಲ ಬೇಕಿಲ್ಲ, ಎಲ್ಲ ಊರಲ್ಲೂ ಒಂದೇ ರುಚಿ. ವ್ಯಾಪಾರದ ದೃಷ್ಟಿಯಿಂದ ಅವರ ಲೆಕ್ಕ ಸರಿಯಾಗೇ ಇತ್ತು. 1971ರಲ್ಲಿ ನಾಲ್ವರು ಇಂಗ್ಲಿಷ್ ಯುವಕರು, ಮೈಕೆಲ್ ಹಾರ್ಡ್‌ಮನ್, ಗ್ರಹಾಂ ಲೀಸ್, ಜಿಮ್ ಮೇಕಿನ್, ಬಿಲ್ ಮೆಲ್ಲರ್, ಐರ್ಲೆಂಡಿಗೆ ರಜೆಗೆ ಹೋಗಿದ್ದಾಗ ‘ನಮ್ಮೂರ ಬಿಯರ್ ಹಾಳಾಗ್ತಿದೆ’ ಅಂತ ಒಂದು ಸಂಘ ಕಟ್ಟಿದರು. ಅದೇ ಕ್ಯಾಮ್ರಾ, ಅಂದ್ರೆ ರಿಯಲ್ ಏಲ್ ಉಳಿಸೋ ಚಳವಳಿ. ಸ್ನೇಹಿತರು ರಜೆಯಲ್ಲಿ ಮಾಡೋ ಪ್ಲಾನುಗಳು ವಾಟ್ಸ್ಆ್ಯಪ್ ಗ್ರೂಪಿನಲ್ಲೇ ಸಾಯೋ ಕಾಲದಲ್ಲಿ ನಾವಿದ್ದೀವಿ, ಇವರದ್ದು ಬ್ರಿಟನ್ನಿನ ದೊಡ್ಡ ಗ್ರಾಹಕ ಸಂಘಟನೆಗಳಲ್ಲಿ ಒಂದಾಯ್ತು. 1974ರಿಂದ ಅವರು ಹೊರತರ್ತಿರೋ ‘ಗುಡ್ ಬಿಯರ್ ಗೈಡ್’ ನೋಡಿಕೊಂಡೇ ಊರೂರು ತಿರುಗೋರು ಇದ್ದಾರೆ.

ಈಗ ಒಳಗೆ ಹೋಗೋಣ. ಲಂಡನ್‌ಗೆ ಹೋದವರು ಸದಕ್‌ನಲ್ಲಿರೋ ಜಾರ್ಜ್ ಇನ್ ನೋಡಬಹುದು, ಲಂಡನ್ ಬ್ರಿಡ್ಜ್ ಸ್ಟೇಷನ್ನಿಂದ ನಡೆದೇ ಹೋಗುವಷ್ಟು ಹತ್ತಿರ. 1676ರ ಬೆಂಕಿ ಅನಾಹುತದ ನಂತರ ಮತ್ತೆ ಕಟ್ಟಿದ್ದು. ಕುದುರೆಗಾಡಿಗಳ ಕಾಲದ, ಮಹಡಿ ಉದ್ದಕ್ಕೂ ಮರದ ಮೊಗಸಾಲೆ ಇರೋ ಇಂಥ ಛತ್ರಗಳಲ್ಲಿ ಲಂಡನ್ನಿನಲ್ಲಿ ಉಳಿದಿರೋದು ಇದೊಂದೇ. ಪಾರಂಪರಿಕ ಕಟ್ಟಡಗಳನ್ನು ಕಾಪಾಡೋ ನ್ಯಾಷನಲ್ ಟ್ರಸ್ಟ್ ಇದರ ಒಡೆತನ ಹೊಂದಿದೆ.

ಹಳೇ ಪಬ್ಬಲ್ಲಿ ಟೇಬಲ್ ಹಿಡಿದು ಕೂತು ‘ಬಾಸ್’ ಅಂತ ಕೈ ಎತ್ತಿದ್ರೆ ಯಾರೂ ಬರಲ್ಲ. ನೀವೇ ಕೌಂಟರಿಗೆ ಹೋಗಿ, ಹೇಳಿ, ದುಡ್ಡು ಕೊಟ್ಟು, ಗ್ಲಾಸ್ ಎತ್ತಿಕೊಂಡು ಬರಬೇಕು. ಕೌಂಟರ್ ಮುಂದೆ ಕ್ಯೂ ಇರಲ್ಲ, ಎಲ್ಲರೂ ಅಡ್ಡಡ್ಡ ನಿಂತಿರ್ತಾರೆ. ಆದ್ರೆ ಯಾರು ಮೊದಲು ಬಂದ್ರು ಅನ್ನೋದು ಒಳಗಿರೋರಿಗೂ ಗೊತ್ತು, ಪಕ್ಕದಲ್ಲಿ ನಿಂತೋರಿಗೂ ಗೊತ್ತು. ನೋಟು ಬೀಸೋದು, ಚಿಟಿಕೆ ಹೊಡೆಯೋದು ಮಹಾ ಅಸಭ್ಯ. ಗೆಳೆಯರ ಜೊತೆ ಹೋದರೆ ‘ರೌಂಡ್’ ಪದ್ಧತಿ, ಒಬ್ಬೊಬ್ಬರು ಒಂದೊಂದು ಸಲ ಎಲ್ಲರಿಗೂ ತಂದುಕೊಡಬೇಕು. ಕೊನೆಯಲ್ಲಿ ಫೋನ್ ತೆಗೆದು ತಲಾ ಇಷ್ಟು ಅಂತ ಭಾಗ ಮಾಡೋ ನಮ್ಮ ರೂಢಿಗಿಂತ ಬೇರೆ. ತನ್ನ ಸರದಿ ಬಂದಾಗ ಜಾರಿಕೊಂಡವನನ್ನು ಅಲ್ಲಿ ವರ್ಷಗಟ್ಟಲೆ ನೆನಪಿಡ್ತಾರೆ. ನೀವು ಕುಡಿಯೋರಲ್ಲ ಅಂದ್ರೆ ಲೈಮ್ ಸೋಡಾ ಹೇಳಿ ಆರಾಮಾಗಿ ಕೂರಬಹುದು.

ಕೌಂಟರಿನ ಮೇಲೆ ಉದ್ದುದ್ದ ಹಿಡಿಕೆಗಳು ಕಾಣ್ತವಲ್ಲ, ಅವೇ ಕೈಪಂಪುಗಳು. ನಮ್ಮೂರ ಬೋರ್‌ವೆಲ್ ಕೈಪಂಪಿನಂತೆಯೇ ತೋಳಿನ ಬಲದಿಂದ ನೆಲಮಾಳಿಗೆಯ ಬಿಯರನ್ನು ಮೇಲಕ್ಕೆಳೀತಾರೆ. ಯಾವುದು ಬೇಕು ಅಂತ ಗೊತ್ತಾಗದಿದ್ರೆ ರುಚಿ ನೋಡೋಕೆ ಒಂದು ಗುಟುಕು ಕೇಳಿ, ಸಾಮಾನ್ಯವಾಗಿ ಕೊಡ್ತಾರೆ. ಅರ್ಧ ಪಿಂಟ್, ಮೂರನೇ ಒಂದು ಪಿಂಟ್ ಕೂಡ ಕಾನೂನುಬದ್ಧ ಅಳತೆಗಳೇ. ಮೊದಲ ಸಲಕ್ಕೆ ‘ಬಿಟರ್’ ತಗೊಳ್ಳಿ. ಹೆಸರು ಕಹಿ ಅಂತಿದ್ರೂ ಬಿಸ್ಕತ್ತಿನಂಥ ಮಾಲ್ಟ್ ರುಚಿಯೇ ಮುಂದಿರುತ್ತೆ. ಲಂಡನ್ ಪ್ರೈಡ್, ಸಸೆಕ್ಸಿನ ಹಾರ್ವೀಸ್ ಬೆಸ್ಟ್, ಯಾರ್ಕ್‌ಶೈರಿನ ಲ್ಯಾಂಡ್‌ಲಾರ್ಡ್ ಹೆಸರುವಾಸಿ. ‘ಮೈಲ್ಡ್’ ಇನ್ನೂ ಮೆದು. ‘ಪೋರ್ಟರ್’ ಕಪ್ಪಗೆ, ಹುರಿದ ಕಾಫಿಬೀಜದ ವಾಸನೆಯ ಹತ್ತಿರ. ಉತ್ತರ ಇಂಗ್ಲೆಂಡಿನಲ್ಲಿ ಪಂಪಿನ ಮೂತಿಗೆ ಸಣ್ಣ ತೂತುಗಳ ಬಿಲ್ಲೆ ಸಿಕ್ಕಿಸಿ ದಪ್ಪ ನೊರೆ ಬರಿಸ್ತಾರೆ, ದಕ್ಷಿಣದವರಿಗೆ ಅದು ಬೇಡ. ಈ ಜಗಳದಲ್ಲಿ ನೀವು ಪಕ್ಷ ವಹಿಸಬೇಡಿ, ನಮ್ಮಲ್ಲಿ ಸಾಂಬಾರಿಗೆ ಬೆಲ್ಲ ಬೇಕಾ ಬೇಡವಾ ಅನ್ನೋ ಜಗಳದಷ್ಟೇ ಅಪಾಯಕಾರಿ. ವಿನೆಗರ್ ವಾಸನೆ ಬಂದ್ರೆ ಮಾತ್ರ ವಾಪಸ್ ಕೊಡಿ. ಒಳ್ಳೆ ಪಬ್ಬಲ್ಲಿ ಮಾತಾಡದೆ ಬದಲಾಯಿಸಿಕೊಡ್ತಾರೆ.

ಇವು ಹೆಚ್ಚಾಗಿ ಶೇ 4ರ ಆಸುಪಾಸಿನ ಬಿಯರುಗಳು. ಮೆದು ಅಂತ ಲೆಕ್ಕ ತಪ್ಪೋದು ಬೇಡ. ಬ್ರಿಟನ್ನಿನ ಆರೋಗ್ಯ ಸಲಹೆ ವಾರಕ್ಕೆ 14 ಯೂನಿಟ್ ದಾಟಬೇಡಿ ಅನ್ನುತ್ತೆ. ಶೇ 4ರ ಒಂದು ಪಿಂಟಿನಲ್ಲೇ ಎರಡಕ್ಕಿಂತ ಹೆಚ್ಚು ಯೂನಿಟ್ ಇದೆ.

ಇನ್ನು ನಮ್ಮ ದೇಶದ ಹೆಸರಿರೋ ಬಿಯರ್ ಬಗ್ಗೆ. ಐಪಿಎ, ಅಂದ್ರೆ ಇಂಡಿಯಾ ಪೇಲ್ ಏಲ್. ‘ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಿಗಾಗಿ ಒಬ್ಬ ಬುದ್ಧಿವಂತ ಕಂಡುಹಿಡಿದ’ ಅನ್ನೋ ರೀಲ್ಸ್ ನೋಡಿರ್ತೀರಿ. ಕಥೆ ಚೆನ್ನಾಗಿದೆ, ನಿಜ ಅಷ್ಟು ನೇರ ಇಲ್ಲ. ಹಾಪ್ಸ್ ಜಾಸ್ತಿ ಹಾಕಿದ ತಿಳಿ ಬಣ್ಣದ ಏಲ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಜಾಗಕ್ಕೆ ಹತ್ತಿರವಿದ್ದ ಹಾಡ್ಜ್‌ಸನ್ ಅನ್ನೋರ ಬ್ರೂವರಿ, 18ನೇ ಶತಮಾನದ ಕೊನೆಯಲ್ಲಿ ಹಡಗಿನ ಕ್ಯಾಪ್ಟನ್‌ಗಳಿಗೆ ಅದನ್ನು ಸಾಲದ ಮೇಲೆ ಕೊಡ್ತಿತ್ತು. ತಿಂಗಳುಗಟ್ಟಲೆ ಪಯಣದಲ್ಲಿ ಬಿಯರ್ ಕೆಡುವ ಬದಲು ಮಾಗಿತು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಪ್, ಬ್ಯಾಸ್ ಬ್ರೂವರಿಗಳು ಈ ವ್ಯಾಪಾರಕ್ಕೆ ಇಳಿದವು. ಆ ಊರಿನ ಜಿಪ್ಸಮ್ ತುಂಬಿದ ಬಾವಿ ನೀರು ಕಹಿ ಬಿಯರಿಗೆ ಹೇಳಿ ಮಾಡಿಸಿದಂತಿತ್ತು. ಭಾರತದಲ್ಲಿ ಇದನ್ನು ಕುಡೀತಿದ್ದವರು ಬಹುಪಾಲು ಅಧಿಕಾರಿಗಳು, ಸಿಪಾಯಿಗಳಿಗೆ ಹೋಗ್ತಿದ್ದದ್ದು ಪೋರ್ಟರ್. 1915ರಲ್ಲಿ ಥಾಮಸ್ ಲೀಷ್‌ಮನ್ ಅನ್ನೋ ಸ್ಕಾಟ್ಲೆಂಡಿನವರು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಬೆಂಗಳೂರಿನ ಬಿಯರ್ ಕಥೆಯ ಬೇರು ಅಲ್ಲಿದೆ.

ಪಬ್ಬು ಅಂದ್ರೆ ಎಲ್ಲರಿಗೂ ತೆರೆದ ಬಾಗಿಲು ಅಂತ ಹೇಳೋ ವಾಡಿಕೆ ಇದೆ. ಯಾವಾಗಲೂ ಹಾಗಿರಲಿಲ್ಲ. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನಂಥ ಊರುಗಳಲ್ಲಿ, ಎರಕದ ಕಾರ್ಖಾನೆಗಳಲ್ಲಿ ದುಡೀತಿದ್ದ ಪಂಜಾಬಿ ಕಾರ್ಮಿಕರಿಗೆ, ಕೆರಿಬಿಯನ್ನರಿಗೆ ಕೆಲವು ಪಬ್ಬುಗಳು ಬಿಯರ್ ಕೊಡ್ತಿರಲಿಲ್ಲ, ಕೊಟ್ರೂ ಬೇರೆ ಕೋಣೆಯಲ್ಲಿ. ಭಾರತೀಯ ಕಾರ್ಮಿಕರ ಸಂಘ ಇದರ ವಿರುದ್ಧ ಹೋರಾಡಿತು. 1965ರ ಫೆಬ್ರುವರಿಯಲ್ಲಿ, ಹತ್ಯೆಯಾಗೋಕೆ ಕೆಲವೇ ದಿನ ಮೊದಲು, ಅಮೆರಿಕದ ಮಾಲ್ಕಮ್ ಎಕ್ಸ್ ಸ್ಮೆದಿಕ್‌ಗೆ ಬಂದು ಹೋದರು. ಅದೇ ವರ್ಷ ಬಂದ ಜನಾಂಗ ಸಂಬಂಧ ಕಾಯ್ದೆ ಪಬ್ಬುಗಳಲ್ಲಿ ಈ ತಾರತಮ್ಯವನ್ನು ನಿಷೇಧಿಸಿತು. ಆಮೇಲೆ ಆ ಭಾಗದ ಎಷ್ಟೋ ಪಬ್ಬುಗಳನ್ನು ಪಂಜಾಬಿಗಳೇ ವಹಿಸಿಕೊಂಡರು. ಇವತ್ತು ಅವುಗಳಿಗೆ ದೇಸಿ ಪಬ್ ಅಂತಾರೆ, ಗ್ಲಾಸಿನ ಜೊತೆ ಬಿಸಿ ತಟ್ಟೆಯಲ್ಲಿ ಸುಯ್ಯೆನ್ನುವ ಮಿಕ್ಸ್‌ಡ್ ಗ್ರಿಲ್ ಬರುತ್ತೆ. ಮುಚ್ಚಿಹೋಗಬೇಕಿದ್ದ ಪಬ್ಬುಗಳು ಎಷ್ಟೋ ಕಡೆ ಉಳಿದದ್ದು ಇವರಿಂದ, ಒಂದು ಕಾಲದಲ್ಲಿ ಬಾಗಿಲಲ್ಲೇ ತಡೆಯಲ್ಪಟ್ಟವರ ಮಕ್ಕಳು ಮೊಮ್ಮಕ್ಕಳಿಂದ.

ಯಾಕಂದ್ರೆ ಪಬ್ಬುಗಳು ಮುಚ್ಚುತ್ತಲೇ ಇವೆ. 2000ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 60 ಸಾವಿರ ಇದ್ದವು, ಈಗ ಸುಮಾರು 45 ಸಾವಿರ. ಸೂಪರ್‌ಮಾರ್ಕೆಟ್ಟಿನಲ್ಲಿ ಬಿಯರ್ ಅಗ್ಗ, ಬಾಡಿಗೆ ದುಬಾರಿ, ತೆರಿಗೆ ಭಾರ. ರಿಯಲ್ ಏಲ್‌ಗೆ ಇದರ ಮೇಲೆ ಆ ಮೂರು ದಿನದ ಲೆಕ್ಕ ಬೇರೆ. ಜನ ಕಡಿಮೆಯಾದ್ರೆ ಕಾಸ್ಕ್ ನಿಧಾನ ಖಾಲಿಯಾಗುತ್ತೆ. ನಾಲ್ಕನೇ ದಿನದ ಸಪ್ಪೆ ಗ್ಲಾಸ್ ಕುಡಿದವನು ಮುಂದಿನ ಸಲ ಲಾಗರ್ ಕೇಳ್ತಾನೆ. ಆಗ ಕಾಸ್ಕ್ ಇನ್ನೂ ನಿಧಾನ. ಕೊನೆಗೊಂದು ದಿನ ಆ ಹಿಡಿಕೆಗೆ ಸಿಕ್ಕಿಸಿದ್ದ ಹೆಸರಿನ ಫಲಕವನ್ನು ತಿರುಗಿಸಿಬಿಡ್ತಾರೆ. ‘ಇಲ್ಲ’ ಅನ್ನೋಕೆ ಅಲ್ಲಿನ ಗುರುತು ಅದು.

ಕೆಲವು ಊರಿನವರು ಸುಮ್ಮನೆ ಕೂತಿಲ್ಲ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಅನ್ನೋ ಪುಟ್ಟ ಹಳ್ಳಿಯಲ್ಲಿ ಓಲ್ಡ್ ಕ್ರೌನ್ ಪಬ್ ಮಾರಾಟಕ್ಕೆ ಬಂದಾಗ ಜನ ದುಡ್ಡು ಹಾಕಿ ಸಹಕಾರ ಸಂಘ ಮಾಡಿಕೊಂಡು 2003ರಲ್ಲಿ ಅದನ್ನೇ ಕೊಂಡುಕೊಂಡರು. ನಮ್ಮಲ್ಲಿ ಹಾಲಿನ ಡೇರಿಗೆ ಷೇರು ಹಾಕಿದ ಹಾಗೆ. ಪಬ್ಬಿನ ಹಿಂದೆಯೇ ಇರೋ ಸಣ್ಣ ಬ್ರೂವರಿ ಕೂಡ ಸಹಕಾರಿಯದ್ದೇ. ಅದರ ನಂತರ ಇನ್ನೂ ಎಷ್ಟೋ ಊರುಗಳು ಇದೇ ದಾರಿ ಹಿಡಿದವು. ಷೇರು ಹಾಕಿದವರೇ ಗಿರಾಕಿಗಳು ಕೂಡ, ಹಾಗಾಗಿ ಮಂಗಳವಾರ ಮಧ್ಯಾಹ್ನದ ಆ 24 ಪಿಂಟಿನ ಚಿಂತೆಯೂ ಈಗ ಅವರದ್ದೇ.