ಹತ್ತೇ ಹತ್ತು ಮೋಟಾರ್ ಸೈಕಲ್‌ಗಳು

ನ್ಯೂಜಿಲೆಂಡಿನ ರಾಜಧಾನಿಯಾದ ವೆಲಿಂಗ್ಟನ್ನಿನಲ್ಲಿ ‘ಟೆ ಪಾಪಾ’ ಎಂಬ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಅಲ್ಲಿನ ಅಮೂಲ್ಯ ವಸ್ತುಗಳಲ್ಲಿ ಒಂದು ಮೋಟಾರ್ ಸೈಕಲ್ಲೂ ಸೇರಿದೆ. ಅದರ ಹೆಸರು ಬ್ರಿಟ್ಟನ್ ವಿ-1000. ಈ ಮಾದರಿಯಲ್ಲಿ ನಿರ್ಮಾಣವಾದವು ಹತ್ತು ವಾಹನಗಳು ಮಾತ್ರ. ಆದರೂ ಅವುಗಳಲ್ಲೊಂದು ಪ್ರದರ್ಶನದ ಓಟಕ್ಕೆ ಬಂದಿತೆಂದರೆ ಇಂದಿಗೂ ಜನ ಅದನ್ನು ಸುತ್ತುವರಿದು, ಬಾಗಿ ಬಾಗಿ ನೋಡುತ್ತಾರೆ. ದೊಡ್ಡ ಕಾರ್ಖಾನೆಗಳ ಎಷ್ಟೋ ಪಂದ್ಯವಾಹನಗಳು ಮರೆತುಹೋಗಿರುವಾಗ, ಇದೊಂದಕ್ಕೆ ಇಷ್ಟು ಅಭಿಮಾನವೇಕೆ?

ಇದನ್ನು ನಿರ್ಮಿಸಿದವರು ಕ್ರೈಸ್ಟ್‌ಚರ್ಚ್ ನಗರದ ಜಾನ್ ಬ್ರಿಟ್ಟನ್. 1950ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಿಂದಲೂ ಅಕ್ಷರಗಳನ್ನು ಓದುವುದರಲ್ಲಿ ತೊಡಕಿತ್ತು. ಆದರೆ ಕೈ ಮತ್ತು ಕಣ್ಣು ಚುರುಕಾಗಿದ್ದವು. ಯಂತ್ರಶಿಲ್ಪವನ್ನು ಕಲಿತ ಅವರು ಗಾಜಿನ ಕಲಾಕೃತಿಗಳನ್ನೂ ಮಾಡುತ್ತಿದ್ದರು. ಕೆಲವೇ ಮಂದಿ ಗೆಳೆಯರೊಡನೆ ಅವರು ವಿ-1000 ವಾಹನವನ್ನು ಸಿದ್ಧಪಡಿಸಿದರು. ಅದರ ಹೊರಮೈಯ ಆಕಾರವನ್ನು ಮೊದಲು ತಂತಿ ಮತ್ತು ಬಿಸಿ ಅಂಟಿನಿಂದ ರೂಪಿಸಿ, ಕಣ್ಣಳತೆಯಿಂದಲೇ ತಿದ್ದಿದರು.

ಇನ್ನು ಯಂತ್ರದ ಕಡೆಗೆ ದೃಷ್ಟಿ ಹಾಯಿಸೋಣ. ಸಾಮಾನ್ಯ ಮೋಟಾರ್ ಸೈಕಲ್ಲಿನಲ್ಲಿ ಲೋಹದ ಚೌಕಟ್ಟೊಂದು ಎಂಜಿನ್ನನ್ನು ಹೊತ್ತಿರುತ್ತದೆ. ಎಂಜಿನ್ನೇ ಗಟ್ಟಿಯಾಗಿರುವಾಗ ಅದನ್ನು ಹೊರಲು ಬೇರೊಂದು ಚೌಕಟ್ಟೇಕೆ ಎಂದು ಬ್ರಿಟ್ಟನ್ ಕೇಳಿದರು. ಅವರ ವಾಹನದಲ್ಲಿ ಎಂಜಿನ್ನೇ ಬೆನ್ನೆಲುಬು. ಉಳಿದ ಭಾಗಗಳನ್ನು ಅದಕ್ಕೇ ಜೋಡಿಸಲಾಗಿದೆ. ಚಕ್ರಗಳು, ಮುಂದಿನ ಕವಲು, ಹೊರಮೈ ಇವೆಲ್ಲವೂ ಉಕ್ಕಿಗಿಂತ ಬಹಳ ಹಗುರವಾದ ಕಾರ್ಬನ್ ನಾರಿನವು. ಹೀಗಾಗಿ 999 ಘನ ಸೆಂಟಿಮೀಟರಿನ, ಸುಮಾರು 166 ಅಶ್ವಶಕ್ತಿಯ ಈ ವಾಹನದ ತೂಕ ಸುಮಾರು 138 ಕಿಲೋಗ್ರಾಂ ಮಾತ್ರ. ಬಲ ಅಷ್ಟೇ ಇದ್ದು ದ್ರವ್ಯರಾಶಿ ಕಡಿಮೆಯಾದರೆ ವೇಗೋತ್ಕರ್ಷ ಹೆಚ್ಚುವುದೆಂಬ ನ್ಯೂಟನ್ನನ ನಿಯಮವನ್ನು ವಿದ್ಯಾರ್ಥಿಗಳು ಇಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು.

ಆದರೆ ಅತಿವೇಗದಲ್ಲಿ ಮುಖ್ಯ ಶತ್ರು ತೂಕವಲ್ಲ, ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯ ಎಂಟರಷ್ಟಾಗುತ್ತದೆ. ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರನ್ನು ಮುಂಭಾಗದಲ್ಲಿ ಗಾಳಿಗೆ ಅಡ್ಡಲಾಗಿ ಇಡುವುದು ವಾಡಿಕೆ. ಬ್ರಿಟ್ಟನ್ ಅದನ್ನು ಸವಾರನ ಆಸನದ ಕೆಳಗಿಟ್ಟು, ಮುಂದಿನಿಂದ ಅಲ್ಲಿಗೆ ಗಾಳಿ ಹರಿಯಲು ದಾರಿ ಮಾಡಿದರು. ಹಿಂದಿನ ಚಕ್ರದ ಆಘಾತವನ್ನು ನುಂಗುವ ಸಾಧನವನ್ನು ಎಂಜಿನ್ನಿನ ಮುಂದಕ್ಕೆ ತಂದರು. ಹೀಗೆ ವಾಹನದ ನಡು ಅಚ್ಚರಿಗೊಳಿಸುವಷ್ಟು ತೆಳುವಾಯಿತು. ಮುಂದೆ ಅದು ಗಂಟೆಗೆ 302 ಕಿಲೋಮೀಟರಿಗೂ ಮಿಕ್ಕಿದ ವೇಗದ ದಾಖಲೆಯನ್ನು ಸ್ಥಾಪಿಸಿತು.

ಅಭಿಮಾನಿಗಳು ಮಾತ್ರ ದಾಖಲೆಗಿಂತ ಹೆಚ್ಚಾಗಿ ನೆನೆಯುವುದು ಒಂದು ಸೋಲನ್ನು. 1992ರಲ್ಲಿ ಅಮೆರಿಕದ ಡೇಟೋನಾ ಪಂದ್ಯದಲ್ಲಿ ಆಂಡ್ರೂ ಸ್ಟ್ರೌಡ್ ಈ ವಾಹನವನ್ನೇರಿ, ಹೆಸರಾಂತ ಇಟಲಿಯ ಡುಕಾಟಿಯನ್ನು ಹಿಂದಿಕ್ಕಿದರು. ಗೆಲುವು ಕೈಗೆಟಕುವಂತಿದ್ದಾಗ ವಿದ್ಯುತ್ ವ್ಯವಸ್ಥೆ ಕೆಟ್ಟು ವಾಹನ ನಿಂತಿತು. ಕೆಲವೇ ಕೈಗಳು ಕಟ್ಟಿದ ಯಂತ್ರ ಜಗತ್ತಿನ ದೊಡ್ಡ ಕಾರ್ಖಾನೆಗೆ ಸರಿಸಾಟಿಯೆಂಬುದನ್ನು ಅಷ್ಟರಲ್ಲೇ ಎಲ್ಲರೂ ಕಂಡಿದ್ದರು. 1994ರಲ್ಲಿ ಅದೇ ಡೇಟೋನಾದಲ್ಲಿ ಸ್ಟ್ರೌಡ್ ಗೆದ್ದರು.

ಆ ಸಂತೋಷ ಬಹುಕಾಲ ಉಳಿಯಲಿಲ್ಲ. 1995ರ ಸೆಪ್ಟೆಂಬರಿನಲ್ಲಿ ಚರ್ಮದ ಕ್ಯಾನ್ಸರಿನಿಂದ ಬ್ರಿಟ್ಟನ್ ತೀರಿಕೊಂಡರು. ಆಗ ಅವರಿಗೆ ನಲವತ್ತೈದು ವರ್ಷ. ಸಂಗಡಿಗರು ಕೆಲಸವನ್ನು ಕೈಬಿಡದೆ ಹತ್ತನೆಯ ವಾಹನದವರೆಗೂ ಮುಂದುವರಿಸಿದರು.

ಈ ಅಭಿಮಾನ ಕೇವಲ ವೇಗಕ್ಕೆ ಸಲ್ಲುವುದಲ್ಲವೆಂದು ನಾವು ಭಾವಿಸುತ್ತೇವೆ. ಇದಕ್ಕಿಂತ ವೇಗವಾಗಿ ಓಡುವ ವಾಹನಗಳು ಆಮೇಲೆ ಎಷ್ಟೋ ಬಂದಿವೆ. ಬಾಗಿ ನೋಡುವವನಿಗೆ ಇಲ್ಲಿ ಕಾಣುವುದು ‘ಇದು ಇಲ್ಲಿಯೇ ಏಕಿರಬೇಕು?’ ಎಂಬ ಪ್ರಶ್ನೆ. ಒಂದೊಂದು ಭಾಗವೂ ಆ ಪ್ರಶ್ನೆಗೆ ಉತ್ತರವಾಗಿ ತನ್ನ ಸ್ಥಾನದಲ್ಲಿ ನಿಂತಿದೆ.