ಹತ್ತನೆಯ ತರಗತಿಯ ನಂತರ ಒಂದು ದಾರಿ

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನ ಸುತ್ತಮುತ್ತ ಹತ್ತನೆಯ ತರಗತಿ ಮುಗಿದೊಡನೆ ಮಕ್ಕಳು ಹಿರಿಯರೊಡನೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವುದುಂಟು. ಅಂಥವರಿಗೆ ಲಿಂಗಸುಗೂರಿನಲ್ಲಿಯೇ ಬೇರೊಂದು ದಾರಿಯಿದೆ. ಅದು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯ ಶಾಖೆಯಿದು. ಈ ಸಂಸ್ಥೆಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ 3 ವರ್ಷ ವ್ಯಾಸಂಗ, 1 ವರ್ಷ ಕಾರ್ಖಾನೆಯ ತರಬೇತಿ.

ಇಲ್ಲಿನ ಕ್ಯಾಡ್–ಕ್ಯಾಮ್ ವಿದ್ಯೆಯನ್ನು ಮನೆಯ ಪ್ಲಾಸ್ಟಿಕ್ ಬಕೆಟ್‌ನಿಂದ ತಿಳಿಯಬಹುದು. ಕರಗಿದ ಪ್ಲಾಸ್ಟಿಕ್ ಅಚ್ಚಿನಲ್ಲಿ ತಣಿಯುವಾಗ ಕುಗ್ಗುತ್ತದೆ. ಅದು ಶೇಕಡಾ 2ರಷ್ಟು ಕುಗ್ಗುವುದಾದರೆ, 300 ಮಿ.ಮೀ. ಎತ್ತರದ ಬಕೆಟ್‌ಗೆ ಸುಮಾರು 306 ಮಿ.ಮೀ. ಅಚ್ಚು ಬೇಕು. ವಿದ್ಯಾರ್ಥಿಯು ಆ ಅಚ್ಚನ್ನು ಗಣಕಯಂತ್ರದಲ್ಲಿ ರಚಿಸುತ್ತಾನೆ. ಉಕ್ಕನ್ನು ಕೊರೆಯುವ ಉಪಕರಣ ಸಾಗಬೇಕಾದ ಹಾದಿಯನ್ನು ಗಣಕಯಂತ್ರವೇ ಲೆಕ್ಕಹಾಕುತ್ತದೆ. ಆದರೆ ಕುಗ್ಗುವಿಕೆಯ ಅಂಕಿಯನ್ನು ಕೊಡಬೇಕಾದವನು ವಿದ್ಯಾರ್ಥಿ. ಅದು ತಪ್ಪಿದರೆ ದುಬಾರಿ ಉಕ್ಕು ವ್ಯರ್ಥ. ಆದುದರಿಂದ ಅರ ಹಿಡಿಯುವ, ಅಳತೆ ನೋಡುವ ಕೈಪಳಗಿಕೆಯೂ ಅತ್ಯಗತ್ಯ.

ನಾಲ್ಕು ವರ್ಷ ಮಗನ ಅಥವಾ ಮಗಳ ದುಡಿಮೆಯನ್ನು ಬಿಟ್ಟುಕೊಡುವುದು ಬಡ ಕುಟುಂಬಕ್ಕೆ ಸುಲಭವಲ್ಲ. ಆದರೆ ಗುಳೆಯ ಕೂಲಿ ತೋಳ್ಬಲ ಇರುವವರೆಗೆ ಮಾತ್ರ. ಕಲಿತ ಕಸುಬು ಜೀವನಪರ್ಯಂತ. ಪಾಲಕರು ಫಲಿತಾಂಶಕ್ಕೆ ಕಾಯದೆ, ಈಗಲೇ ಒಮ್ಮೆ ಲಿಂಗಸುಗೂರಿಗೆ ಹೋಗಿ ಅಲ್ಲಿ ಲಭ್ಯವಿರುವ ತರಬೇತಿ, ಶುಲ್ಕ ಮತ್ತು ವಸತಿಯ ಕುರಿತು ವಿಚಾರಿಸುವುದು ಒಳಿತು.