ಕ್ಯಾನ್ಸಲ್ ಮಾಡಿ ಬರುವವರ ಲೆಕ್ಕ

ದುಬೈಯ ಖಾಸಗಿ ಕಂಪನಿಯೊಂದರಲ್ಲಿ ಎಂಟು ವರ್ಷ ದುಡಿದ ಇಬ್ಬರು ಒಂದೇ ದಿನ ರಾಜೀನಾಮೆ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಇಬ್ಬರದೂ ತಿಂಗಳಿಗೆ 6,000 ದಿರ್ಹಂ ಸಂಬಳ. ಆದರೆ ಒಬ್ಬನಿಗೆ ಸಿಗುವ ಗ್ರಾಚ್ಯುಟಿ 19,500 ದಿರ್ಹಂ, ಇನ್ನೊಬ್ಬನಿಗೆ 31,200. ದಿರ್ಹಮಿಗೆ 24 ರೂಪಾಯಿಯಂತೆ ಹಿಡಿದರೆ ನಡುವಿನ ವ್ಯತ್ಯಾಸ 2,80,800 ರೂಪಾಯಿ. ಊರಲ್ಲಿ ಮನೆಯ ಮೇಲೊಂದು ಮಾಳಿಗೆ ಕಟ್ಟಲು ಹೊರಟವನಿಗೆ ಇದು ಸಣ್ಣ ಮೊತ್ತವಲ್ಲ.

ಕಾರಣ ಇರುವುದು ಆಫರ್ ಲೆಟರಿನ ಒಂದು ಸಾಲಿನಲ್ಲಿ. ಮೊದಲನೆಯವನ ಬೇಸಿಕ್ 3,000, ಉಳಿದ 3,000 ಮನೆ ಬಾಡಿಗೆ, ಓಡಾಟ, ಇತರೆ ಭತ್ಯೆ. ಎರಡನೆಯವನ ಬೇಸಿಕ್ 4,800. ಗ್ರಾಚ್ಯುಟಿ ನಿಂತಿರುವುದು ಕೊನೆಯ ಬೇಸಿಕ್ ಮೇಲೆ ಮಾತ್ರ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. 3,000 ಬೇಸಿಕ್‌ನವನಿಗೆ ದಿನಕ್ಕೆ 100 ದಿರ್ಹಂ ಬೀಳುತ್ತದೆ. ಐದು ವರ್ಷಕ್ಕೆ 105 ದಿನ, ಮೂರು ವರ್ಷಕ್ಕೆ 90 ದಿನ, ಒಟ್ಟು 195. ಒಂದು ವರ್ಷ ತುಂಬದವರಿಗೆ ಏನೂ ಇಲ್ಲ. ಸಂಬಳವಿಲ್ಲದ ರಜೆಯ ದಿನಗಳು ಸೇವೆಯ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟೇ ವರ್ಷ ದುಡಿದರೂ ಒಟ್ಟು ಮೊತ್ತ ಎರಡು ವರ್ಷದ ವೇತನ ಮೀರುವಂತಿಲ್ಲ.

ಕೆಲಸಕ್ಕೆ ಸೇರುವ ಹೊತ್ತಿನಲ್ಲಿ ನಮ್ಮವರು ಕೇಳುವುದು ಒಂದೇ ಪ್ರಶ್ನೆ: ಟೋಟಲ್ ಎಷ್ಟು? ಬೇಸಿಕ್ ಎಷ್ಟು ಎಂದು ಕೇಳುವವರು ತೀರಾ ಕಡಿಮೆ. ಬಿಟ್ಟು ಬರುವ ದಿನ ಲೆಕ್ಕಕ್ಕೆ ಕುಳಿತಾಗ ಆ ಸಾಲನ್ನು ತಿದ್ದಲು ಆಗುವುದಿಲ್ಲ. ಸಂಬಳ ಏರಿಸುವಾಗಲೂ ಕೆಲವು ಕಂಪನಿಗಳು ಭತ್ಯೆಯನ್ನಷ್ಟೇ ಏರಿಸಿ ಬೇಸಿಕ್ ಅನ್ನು ಹಾಗೇ ಬಿಡುತ್ತವೆ. ಪ್ರತಿ ಇನ್‌ಕ್ರಿಮೆಂಟ್ ಪತ್ರದಲ್ಲಿ ಮೊದಲು ನೋಡಬೇಕಾದ್ದು ಅದನ್ನೇ.

ಒಂದು ವಿಷಯದಲ್ಲಿ ಈಗಿನವರ ಸ್ಥಿತಿ ಹಿಂದಿನವರಿಗಿಂತ ಎಷ್ಟೋ ಮೇಲು. 1980ರ ಹಳೆಯ ಕಾನೂನಿನಲ್ಲಿ ರಾಜೀನಾಮೆ ಕೊಟ್ಟವನಿಗೆ ಕತ್ತರಿ ಇತ್ತು. ಅವಧಿ ನಿಗದಿಯಾದ ಒಪ್ಪಂದದವರು ಐದು ವರ್ಷ ತುಂಬುವ ಮೊದಲೇ ತಾವಾಗಿ ಬಿಟ್ಟರೆ ಗ್ರಾಚ್ಯುಟಿ ಸೊನ್ನೆ. ಅವಧಿ ಇಲ್ಲದ ಒಪ್ಪಂದದವರಿಗೆ ಒಂದರಿಂದ ಮೂರು ವರ್ಷದವರೆಗೆ ಮೂರನೇ ಒಂದು ಪಾಲು, ಮೂರರಿಂದ ಐದರವರೆಗೆ ಮೂರನೇ ಎರಡು ಪಾಲು. 2022ರ ಫೆಬ್ರವರಿ 2ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನು ಈ ಕಡಿತವನ್ನು ತೆಗೆದುಹಾಕಿತು. ನಾಲ್ಕು ವರ್ಷ ಹತ್ತು ತಿಂಗಳಿಗೆ ಬಿಟ್ಟವನಿಗೂ ಇಂದು ಪೂರ್ತಿ ಲೆಕ್ಕ: 101.5 ದಿನ, 3,000 ಬೇಸಿಕ್‌ಗೆ 10,150 ದಿರ್ಹಂ. ಹಳೆಯ ಕಾಲದಲ್ಲಿ ಕೈ ಸುಟ್ಟುಕೊಂಡು ಬಂದ ಹಿರಿಯರ ಮಾತು ನಂಬಿ, ರಾಜೀನಾಮೆ ಕೊಟ್ಟರೆ ಏನೂ ಸಿಗದು ಎಂದುಕೊಂಡು ಕೇಳದೇ ಬರುವವರು ಕರಾವಳಿಯಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಕೇಳಿ ತೆಗೆದುಕೊಳ್ಳಿ.

ಇನ್ನು ನೋಟಿಸ್. ಒಪ್ಪಂದದಲ್ಲಿ ಬರೆದಂತೆ 30ರಿಂದ 90 ದಿನ. ಪ್ರೊಬೇಷನ್‌ನಲ್ಲಿದ್ದು ದೇಶವನ್ನೇ ಬಿಡುವವರಿಗೆ 14 ದಿನ ಸಾಕು. ನೋಟಿಸ್ ಪೂರೈಸದೆ ಹೊರಟವರು ಬಾಕಿ ದಿನಗಳ ವೇತನವನ್ನು ಕಂಪನಿಗೆ ಕಟ್ಟಿಕೊಡಬೇಕು. ಅದರ ಲೆಕ್ಕ ಬೇಸಿಕ್ ಮೇಲಲ್ಲ, ಪೂರ್ತಿ ಸಂಬಳದ ಮೇಲೆ. ಕೊಡುವಾಗ 3,000 ಹಿಡಿದು ಕೊಟ್ಟು, ತೆಗೆದುಕೊಳ್ಳುವಾಗ 6,000 ಹಿಡಿದು ತೆಗೆದುಕೊಳ್ಳುವ ಈ ಏರ್ಪಾಡು ನನಗೆ ನ್ಯಾಯವೆಂದು ಕಾಣುವುದಿಲ್ಲ. ಆದರೆ ಕಾನೂನು ಇರುವುದು ಹಾಗೆ.

ನಮ್ಮ ಮೊದಲನೆಯವನನ್ನೇ ತೆಗೆದುಕೊಳ್ಳಿ. 30 ದಿನದ ನೋಟಿಸ್ ತಿಂಗಳು ದುಡಿದ, 12 ದಿನದ ರಜೆ ಬಾಕಿ ಇದೆ. ಗ್ರಾಚ್ಯುಟಿ 19,500, ರಜೆಯ ಹಣ ಬೇಸಿಕ್ ಲೆಕ್ಕದಲ್ಲಿ 1,200, ಕೊನೆಯ ತಿಂಗಳ ಸಂಬಳ 6,000. ಒಟ್ಟು 26,700 ದಿರ್ಹಂ, ಅಂದರೆ 6,40,800 ರೂಪಾಯಿ. ಅದೇ ವ್ಯಕ್ತಿ ಸಿಟ್ಟಿನಲ್ಲಿ ಪತ್ರ ಬಿಸಾಕಿ ಅಂದೇ ಹೊರಟರೆ ಆ ತಿಂಗಳ 6,000 ಸಂಬಳವೂ ಇಲ್ಲ, ಮೇಲೆ 6,000 ಕಡಿತ. ಉಳಿಯುವುದು 14,700. ಒಂದು ತಿಂಗಳ ತಾಳ್ಮೆಗೆ 12,000 ದಿರ್ಹಂ, 2,88,000 ರೂಪಾಯಿ ಬೆಲೆ. ಹೇಳದೆ ಕೇಳದೆ ಮಾಯವಾದರೆ ಇನ್ನೂ ಕಷ್ಟ. ಸತತ 7 ದಿನಕ್ಕಿಂತ ಹೆಚ್ಚು ಗೈರಾದವರನ್ನು ನೋಟಿಸ್ ಇಲ್ಲದೆ ತೆಗೆಯಬಹುದು. ಕೆಲಸ ಬಿಟ್ಟು ಓಡಿದವರೆಂದು ದಾಖಲಾದರೆ ಒಂದು ವರ್ಷ ಹೊಸ ವರ್ಕ್ ಪರ್ಮಿಟ್ ಸಿಗುವುದಿಲ್ಲ. ರಜೆಗೆಂದು ಊರಿಗೆ ಬಂದು, ವಾಪಸ್ ಹೋಗದೆ ಸುಮ್ಮನಾಗುವವರು ಇದನ್ನು ಗಮನಿಸಬೇಕು.

ವಿಮಾನದ ಟಿಕೆಟ್? ಕೆಲಸ ಮುಗಿದಾಗ ಊರಿಗೆ ಕಳಿಸುವ ಖರ್ಚು ಕಂಪನಿಯದು. ಆದರೆ ಬಿಡುವುದಕ್ಕೆ ಕಾರಣ ನೌಕರನೇ ಆಗಿದ್ದರೆ ಟಿಕೆಟ್ ಅವನದೇ. ಒಪ್ಪಂದದಲ್ಲಿ ಬೇರೆ ಬರೆದಿದ್ದರೆ ಅದು ನಡೆಯುತ್ತದೆ. ತಿಂಗಳಿಗೆ 5 ದಿರ್ಹಂ ಕಟ್ಟುವ ಉದ್ಯೋಗ ನಷ್ಟ ವಿಮೆಯಲ್ಲೂ ರಾಜೀನಾಮೆ ಕೊಟ್ಟವರಿಗೆ ಕಿಲುಬು ಕಾಸು ಬಾರದು. ಬೇಸಿಕ್‌ನ ಶೇ 60ರಂತೆ ಮೂರು ತಿಂಗಳು ಸಿಗುವುದು ಕಂಪನಿಯೇ ತೆಗೆದುಹಾಕಿದವರಿಗೆ ಮಾತ್ರ.

ಬಂದ ಹಣ ಕೈಗೆ ಸೇರುವ ಮುನ್ನ ದಾಟಬೇಕಾದ ಬಾಗಿಲು ಬ್ಯಾಂಕ್. ಅಲ್ಲಿ ಸಂಬಳದ 20 ಪಟ್ಟಿನವರೆಗೆ ವೈಯಕ್ತಿಕ ಸಾಲ ಸಿಗುತ್ತದೆ, ತೀರಿಸಲು 48 ತಿಂಗಳು. ಸೇವಾಂತ್ಯದ ಹಣ ಖಾತೆಗೆ ಬಿದ್ದ ಕೂಡಲೇ ಸಾಲ ಬಾಕಿ ಇರುವವರ ಖಾತೆಯನ್ನು ಬ್ಯಾಂಕ್ ತಡೆಹಿಡಿಯುವುದು ಮಾಮೂಲಿ. 30,000 ದಿರ್ಹಂ ಬಾಕಿ ಇದ್ದವನಿಗೆ ಮೇಲೆ ಹೇಳಿದ 26,700 ಸಾಲದು, ಇನ್ನೂ 3,300 ಕೈಯಿಂದ ಹಾಕಬೇಕು, ಅವಧಿಗೆ ಮೊದಲೇ ತೀರಿಸುವ ಶುಲ್ಕ ಶೇ 1ರಂತೆ 300 ಬೇರೆ. ಸಾಲ ಹಾಗೇ ಬಿಟ್ಟು ವಿಮಾನ ಹತ್ತುತ್ತೇನೆ ಎನ್ನುವವರಿಗೆ ಒಂದು ಅಂಕಿ: ಬಾಕಿ 10,000 ದಿರ್ಹಂ ಮುಟ್ಟಿದರೆ ಸಾಲಗಾರನಿಗೆ ಪ್ರಯಾಣ ನಿಷೇಧ ಹೇರುವಂತೆ ಕೋರ್ಟನ್ನು ಕೇಳಬಹುದು. ಅದು ಗೊತ್ತಾಗುವುದು ಹೆಚ್ಚಾಗಿ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲಿ, ಲಗೇಜು ಒಳಗೆ ಹೋದ ಮೇಲೆ.

ಸಂಸಾರ ಇಟ್ಟುಕೊಂಡವರ ಲೆಕ್ಕ ಬೇರೆಯೇ. ಬಾಡಿಗೆ ವರ್ಷದ್ದು, ಕೊಡುವುದು ಚೆಕ್ಕುಗಳಲ್ಲಿ. ವರ್ಷಕ್ಕೆ 60,000ದ ಮನೆಯಾದರೆ ಶೇ 5ರಂತೆ 3,000 ಡಿಪಾಸಿಟ್ ಮಾಲೀಕನ ಬಳಿ, ಫ್ಲ್ಯಾಟಿನ ಕರೆಂಟು, ನೀರಿಗೆ 2,000 ದುಬೈ ವಿದ್ಯುತ್ ಮತ್ತು ನೀರು ಪ್ರಾಧಿಕಾರದ ಬಳಿ ಇರುತ್ತದೆ. ಕೇಳಿ ಪಡೆದರೆ 5,000 ವಾಪಸ್. ಮಧ್ಯದಲ್ಲಿ ಬಿಟ್ಟರೆ ಎರಡು ತಿಂಗಳ ಬಾಡಿಗೆ ದಂಡ ಎಂದು ಒಪ್ಪಂದದಲ್ಲಿ ಬರೆದಿದ್ದರೆ 10,000 ಖೋತಾ. ಸಾಧ್ಯವಾದರೆ ರಾಜೀನಾಮೆಯ ತಾರೀಖನ್ನು ಬಾಡಿಗೆಯ ತಾರೀಖಿಗೆ ಹೊಂದಿಸಿಕೊಳ್ಳಿ.

ಹೆಂಡತಿ, ಮಕ್ಕಳ ವೀಸಾ ಮೊದಲು ಕ್ಯಾನ್ಸಲ್ ಆಗಬೇಕು, ಆಮೇಲೆ ಯಜಮಾನನದು. ಕ್ಯಾನ್ಸಲ್ ಆದ ಮೇಲೆ ಉಳಿಯಲು ವೀಸಾ ವರ್ಗಕ್ಕೆ ತಕ್ಕಂತೆ 30ರಿಂದ 180 ದಿನ. ಯಾರೋ ಹೇಳಿದ್ದನ್ನು ನಂಬದೆ ಕ್ಯಾನ್ಸಲೇಷನ್ ಕಾಗದದಲ್ಲಿ ಅಚ್ಚಾದ ತಾರೀಖನ್ನೇ ನೋಡಬೇಕು. ದಾಟಿದರೆ ತಲೆಗೆ ದಿನಕ್ಕೆ 50 ದಿರ್ಹಂ. ನಾಲ್ವರ ಕುಟುಂಬಕ್ಕೆ ದಿನಕ್ಕೆ 200. ಮಕ್ಕಳ ಪರೀಕ್ಷೆ ಮುಗಿಯಲಿ ಎಂದು 30 ದಿನ ಹೆಚ್ಚು ಕುಳಿತರೆ 6,000 ದಿರ್ಹಂ, ಒಂದು ತಿಂಗಳ ಸಂಬಳ ಪೂರ್ತಿ.

ಬೇರೆ ಕೆಲವು ಗಲ್ಫ್ ದೇಶಗಳಲ್ಲಿ ರಾಜೀನಾಮೆಗೆ ಇನ್ನೂ ಕತ್ತರಿ ಇದೆ. ಸೌದಿಯಲ್ಲಿ ವರ್ಷಕ್ಕೆ ಅರ್ಧ ತಿಂಗಳ ವೇತನ, ಐದು ವರ್ಷದ ಮೇಲೆ ಒಂದು ತಿಂಗಳದ್ದು. ತಾನಾಗಿ ಬಿಟ್ಟರೆ ಎರಡು ವರ್ಷದೊಳಗೆ ಏನೂ ಇಲ್ಲ, ಐದರವರೆಗೆ ಮೂರನೇ ಒಂದು, ಹತ್ತರವರೆಗೆ ಮೂರನೇ ಎರಡು, ಹತ್ತು ತುಂಬಿದರೆ ಪೂರ್ತಿ. ಒಂಬತ್ತೂವರೆ ವರ್ಷಕ್ಕೆ ಬೇಸತ್ತವರು ಆರು ತಿಂಗಳು ತಡೆದುಕೊಳ್ಳುವುದು ಲಾಭ. ಕುವೈತಿನಲ್ಲಿ ಮೂರು ವರ್ಷದೊಳಗೆ ಇಲ್ಲ, ಐದರವರೆಗೆ ಅರ್ಧ, ಹತ್ತರವರೆಗೆ ಮೂರನೇ ಎರಡು. 2025ರ ಜುಲೈ 1ರಿಂದ ಅಲ್ಲಿನ ಖಾಸಗಿ ನೌಕರರು ದೇಶ ಬಿಡಲು ಮಾಲೀಕನ ಒಪ್ಪಿಗೆಯ ಪರ್ಮಿಟ್ ಕೂಡ ಬೇಕು.

ದುಬೈಗೆ ಮರಳಿದರೆ, ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ದುಬಾರಿ ಕ್ಷಣ ಒಂದು ಸಹಿಯದು. ವರ್ಕ್ ಪರ್ಮಿಟ್ ಕ್ಯಾನ್ಸಲ್ ಮಾಡುವ ಕಾಗದದಲ್ಲಿ, ನನಗೆ ಬರಬೇಕಾದ್ದೆಲ್ಲ ಬಂದಿದೆ ಎಂಬ ಸಾಲು ಇರುತ್ತದೆ. ಕಂಪನಿಯ ಪಿಆರ್‌ಒ ಅದನ್ನು ಅವಸರದಲ್ಲಿ ಮುಂದಿಡುತ್ತಾನೆ, ಹಣ ನಾಳೆ ಖಾತೆಗೆ ಬೀಳುತ್ತದೆ ಎನ್ನುತ್ತಾನೆ. ಸಹಿ ಬಿದ್ದ ಮೇಲೆ ಬಾಕಿ ಇದೆ ಎಂದು ಸಾಧಿಸುವ ಹೊಣೆ ನೌಕರನ ಹೆಗಲಿಗೆ ಬರುತ್ತದೆ. ಕಂಪನಿಗೆ ಎಲ್ಲ ಬಾಕಿ ಕೊಡಲು ಕಾನೂನು ಕೊಟ್ಟಿರುವ ಗಡುವು ಕೆಲಸ ಮುಗಿದ ದಿನದಿಂದ 14 ದಿನ. ಅಷ್ಟರೊಳಗೆ ಖಾತೆಗೆ ಬಂದದ್ದನ್ನು ಕಣ್ಣಾರೆ ನೋಡಿಯೇ ಪೆನ್ನು ಹಿಡಿಯಿರಿ.

ಕೊಡದಿದ್ದರೆ ದೂರು ಕಾರ್ಮಿಕ ಸಚಿವಾಲಯಕ್ಕೆ. 2024ರ ಜನವರಿಯಿಂದ 50,000 ದಿರ್ಹಂವರೆಗಿನ ತಕರಾರುಗಳನ್ನು ಸಚಿವಾಲಯವೇ ತೀರ್ಮಾನಿಸುತ್ತದೆ. ನಮ್ಮ ಬಹುಪಾಲು ಜನರ ಗ್ರಾಚ್ಯುಟಿ ಅದರೊಳಗೇ ಬರುತ್ತದೆ. ಕೋರ್ಟಿಗೆ ಹೋದರೂ 1,00,000ದವರೆಗಿನ ಹಕ್ಕಿಗೆ ಶುಲ್ಕವಿಲ್ಲ. ಹಿಂದೆ ದಾವೆ ಹೂಡಲು ಇದ್ದ ಒಂದು ವರ್ಷದ ಅವಧಿ 2024ರ ತಿದ್ದುಪಡಿಯ ನಂತರ ಕೆಲಸ ಮುಗಿದ ದಿನದಿಂದ ಎರಡು ವರ್ಷ. ಕ್ಯಾನ್ಸಲ್ ಮಾಡಿ ಊರಿಗೆ ಬಂದು ಕುಳಿತಿದ್ದರೂ ಅಲ್ಲಿರುವ ನಂಬಿಕಸ್ತರಿಗೆ ಮುಖ್ತ್ಯಾರ್ ಪತ್ರ ಕೊಟ್ಟು ದಾವೆ ನಡೆಸಬಹುದು. ಒಪ್ಪಂದದ ಪ್ರತಿ, ಸಂಬಳದ ಸ್ಲಿಪ್ಪುಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಇವನ್ನು ಖಾತೆ ಮುಚ್ಚುವ ಮೊದಲೇ ಇಳಿಸಿಟ್ಟುಕೊಳ್ಳಿ.